ಸೇತುವೆಯೊಳಗೆ ಹಾಸಿದ ಹಿಮ

ನಮ್ಮೂರಿನ ಮಾಡಿನ ಸೇತುವೆ ಕಟ್ಟಿದವನು ನನ್ನ ಅಪ್ಪ, ಆಸಹೆಲ್. ಮಳೆ, ಹಿಮ ಮರಕ್ಕೆ ತಾಗಬಾರದೆಂದೇ ಅದಕ್ಕೆ ಮಾಡು, ಎರಡೂ ಬದಿಗೆ ಹಲಗೆಯ ಗೋಡೆ. ಆದರೆ ಚಳಿಗಾಲದಲ್ಲಿ ಬರಿಯ ಹಲಗೆಯ ಮೇಲೆ, ಕುದುರೆ ಎಳೆಯುವ ಗಾಲಿಯಿಲ್ಲದ ಜಾರುಬಂಡಿ ಓಡುವುದಿಲ್ಲ. ಹಾಗಾಗಿ ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಒಳಗೆ ಹಾಸಲು ಊರವರು ಒಬ್ಬನನ್ನು ನೇಮಿಸುತ್ತಾರೆ. ಬಿಸಿಲು ಬಲಿಯುವ ಮುಂಚೆ ಅದನ್ನು ಕೆರೆದು ಹೊಳೆಗೆ ತಳ್ಳುವುದೂ ಅವನದೇ ಕೆಲಸ.

ಊರ ಮುಖ್ಯಸ್ಥ ಪ್ರ್ಯಾಟ್‌ನ ಅಳಿಯ ಲೋರೆನ್‌ಗೆ ಕೆಲವು ವರ್ಷಗಳಿಂದ ಆ ಕೆಲಸ. ಹಾಸಿದ, ತೆಗೆಯಲಿಲ್ಲ. ಪ್ರತಿ ವಸಂತದಲ್ಲೂ ಅದು ಅಲ್ಲೇ ಕರಗಿ, ಗೋಡೆಯ ಬುಡದಲ್ಲಿ ಸೇತುವೆಯ ಭಾರ ಹೊರುವ ಅಡಿತೊಲೆಗೆ ಇಳಿಯಿತು. ಈ ವರ್ಷ ಸೇತುವೆಯ ನಡು ಬಾಗಿತು.

"ಆಸಹೆಲ್ ಹಸಿ ಮರ ಹಾಕಿದ್ದ, ಅಷ್ಟೇ. ಕಿತ್ತು ಕಬ್ಬಿಣದ್ದು ಹಾಕ್ಸೋಣ" ಎಂದು ಪ್ರ್ಯಾಟ್ ಅಂಗಡಿಯಲ್ಲಿ ಎಲ್ಲರೆದುರು ಹೇಳಿದ. ಅಂದಿನಿಂದ ಅಪ್ಪ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ತೊಲೆ ಕೊಳೆತದ್ದು ಹಿಮದಿಂದಲೇ ಎಂದು ನಾನೇ ತಪ್ಪು ತಿಳಿದಿರಬಹುದೇ ಎಂಬ ಅಳುಕಿನಿಂದ ಮತ್ತೆ ಮತ್ತೆ ಹೋಗಿ ತೊಲೆ ಮುಟ್ಟಿ ನೋಡಿ ಬಂದೆ. ತಪ್ಪಾಗಿರಲಿಲ್ಲ. ಆದರೆ ಮಾರ್ಚ್ ತಿಂಗಳ ಊರ ಸಭೆಯಲ್ಲಿ ಹೆಂಗಸರಿಗೆ ಮಾತಿಲ್ಲ. ಬೇಯಿಸಿದ ಬೀನ್ಸ್ ಕಾಳು, ಸೇಬಿನ ಪೈ ಹೊತ್ತೊಯ್ದು ಬಡಿಸುವುದಷ್ಟೇ ನಮ್ಮ ಪಾಲು.

ಸಭೆಯ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಲೋರೆನ್ ಸೇತುವೆಯಲ್ಲೇ ಬಿಟ್ಟಿದ್ದ ಸಲಿಕೆ ಹಿಡಿದು ಒಳಗಿನ ಹಿಮವನ್ನೆಲ್ಲ ಕೆರೆದು ಹೊಳೆಗೆ ತಳ್ಳಿದೆ.

ಪ್ರ್ಯಾಟ್‌ನ ಜಾರುಬಂಡಿ ಬಂದು ನಡುವೆ ಕಿರ್ರೆಂದು ನಿಂತಿತು. ಕುದುರೆ ಎಳೆದರೂ ಅಲುಗಲಿಲ್ಲ. ಹಿಂದೆ ಇನ್ನೂ ನಾಲ್ಕೈದು ಬಂಡಿಗಳು ಸಾಲಾಗಿ ನಿಂತವು.

"ಏನಮ್ಮಾ ಲವೈನಾ, ತಲೆ ಕೆಟ್ಟಿದ್ಯಾ?" ಎಂದು ಪ್ರ್ಯಾಟ್ ಕೂಗಿದ.

"ಇಳೀರಿ ಯಜಮಾನ್ರೇ. ಹೇಗೂ ನಿಂತಿದೀರಲ್ಲ, ಇದನ್ನ ನೋಡಿ."

ಅಪ್ಪನ ಉಳಿಯನ್ನು ಅಡಿತೊಲೆಗೆ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಕಿತ್ತು, ಎದೆಮಟ್ಟದ ಮರಕ್ಕೆ ಬಲವಾಗಿ ಕುಟ್ಟಿದೆ. ಬಿಳಿಯ ಗೀರಷ್ಟೇ ಎದ್ದಿತು.

"ಎರಡೂ ಒಂದೇ ಕಾಡಿನ ಮರ. ಹಸೀದಾಗಿದ್ರೆ ಇದೂ ಕೊಳೀಬೇಕಿತ್ತು. ನಿಮ್ಮ ಅಳಿಯ ಹಿಮ ಬಿಟ್ಟಲ್ಲಿ ಮಾತ್ರ ಯಾಕೆ ಕೊಳೀತು?"

"ಬೇರೆಯವ್ರೂ ಹಾಸಿದಾರಪ್ಪ..." ಎಂದ ಲೋರೆನ್ ಹಿಂದಿನಿಂದ.

"ಹಾಸೋದು ಹಾಸಿದ್ಯಲ್ಲ ಮಾರಾಯ, ಎತ್ತೋಕೆ ಸೊಂಟ ನೋವಿತ್ತಾ?" ಎಂದರು ಯಾರೋ. ನಕ್ಕರು. ನನಗೆ ನಗು ಬರಲಿಲ್ಲ.

ಪ್ರ್ಯಾಟ್ ಕೈಗವಸು ತೆಗೆದು ತೊಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಹೆಬ್ಬೆರಳೂ ಒಳಗೆ ಹೋಯಿತು. "ಮೊದ್ಲು ಹಿಮ ಹಾಕು. ಸಭೆಗೆ ಹೊತ್ತಾಯ್ತು."

"ನಡ್ಕೊಂಡ್ ಹೋಗಿ. ಹೋಗಿ, ಅಪ್ಪನ ಬಗ್ಗೆ ಅಂಗಡೀಲಿ ಆಡಿದ ಮಾತನ್ನ ಸಭೇಲಿ ವಾಪಸ್ ತಗೊಳ್ಳಿ."

ನಡೆದೇ ಹೋದರು. ಸೇತುವೆ ಕೀಳುವುದು ಬೇಡ, ಅಡಿತೊಲೆ ಬದಲಾಯಿಸೋಣ ಎಂದು ಸಭೆ ಒಪ್ಪಿತು. ಹಸಿ ಮರದ ಮಾತನ್ನು ಪ್ರ್ಯಾಟ್ ಎತ್ತಲೇ ಇಲ್ಲ. ತಪ್ಪಾಯಿತೆಂದೂ ಅನ್ನಲಿಲ್ಲ. ತೊಲೆ ಕೂರಿಸಲು ಅಪ್ಪನೇ ಬೇಕೆಂದು ಮಾತ್ರ ಹೇಳಿಕಳಿಸಿದ.

ಅಪ್ಪ ಮರಕ್ಕೆ ತೂತು ಕೊರೆಯುವ ಬೈರಿಗೆ ಹುಡುಕತೊಡಗಿದ.

"ಹೋಗ್ಬೇಡಪ್ಪಾ. ಮೊದ್ಲು ಅವನು ಬಂದು ತಪ್ಪಾಯ್ತು ಅನ್ಲಿ."

"ಸೇತುವೆ ಏನ್ ತಪ್ಪು ಮಾಡಿತ್ತೇ?" ಎಂದು ಅಪ್ಪ ಹೊರಟ.

ನನ್ನ ಸಿಟ್ಟು ಇಳಿದಿಲ್ಲ. ಸಂಜೆ ಲೋರೆನ್ ತನ್ನ ಆ ಸಲಿಕೆ ಕೇಳಲು ಬಂದ. ಕೊಡಲಿಲ್ಲ. ಇನ್ನು ಮುಂದೆ ಹಾಸುವವಳೂ ನಾನೇ, ತೆಗೆಯುವವಳೂ ನಾನೇ ಎಂದು ಹೇಳಿ ಬಾಗಿಲು ಹಾಕಿದೆ.