ದಾರಿಯ ಮಧ್ಯದ ಮನೆ

ಮೊಳಕೆ ಕಟ್ಟಿ, ಒಣಗಿಸಿ, ಗಿರಣಿಯಲ್ಲಿ ಬೀಸಿಸಿಕೊಂಡು ಬಂದಿದ್ದ ರಾಗಿಹಿಟ್ಟನ್ನು ಲತಾಮಣಿ ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದಳು. ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಮೇಲೆ ಹಿಟ್ಟು ಸುರಿದು, ಅಂಗೈಯಲ್ಲಿ ಮೆಲ್ಲಗೆ ತಿಕ್ಕಬೇಕು. ನಯವಾದದ್ದು ಕೆಳಗಿಳಿಯುತ್ತದೆ, ತೌಡು ಮೇಲೆ ನಿಲ್ಲುತ್ತದೆ. ಕೂತು ಮಾಡುವ ಕೆಲಸವೆಂದು ಹಿಡಿದಿದ್ದಳು. ಆದರೆ ಆರು ತಿಂಗಳ ಹೊಟ್ಟೆ ತೊಡೆಯ ಮೇಲೆ ಭಾರ ಬಿಟ್ಟು ಕಾಲು ಜೋಮು ಹಿಡಿದಿತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಮೈತ್ರಿ, ಚೆಲ್ಲಿದ ಹಿಟ್ಟನ್ನು ಬೆರಳಲ್ಲಿ ಒತ್ತಿ ತೆಗೆದು ಹಣೆಗೆ ಬಳಿದುಕೊಳ್ಳುತ್ತಿದ್ದಳು. ಇನ್ನೂ ಎರಡು ವರ್ಷ ತುಂಬದ ಮಗು. ಹೋಟೆಲಿನ ಊಟ ಇವಳಿಗೆ ಆಗದು. ಬಿಸಿನೀರೊಂದು ಸಿಕ್ಕರೆ ಎಲ್ಲಿ ಬೇಕಾದರೂ ರಾಗಿ ಸರಿ ಕಲಸಿ ತಿನ್ನಿಸಬಹುದು.

ಹೋಗುವುದು ಎಲ್ಲಿಗೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

ಅವಳ ಗಂಡ ಲಕ್ಷ್ಮೀಶ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದಸರಾ ರಜೆ ಹತ್ತಿರವಾದಂತೆ ಅವನಿಗೆ ಒಂದೇ ಧ್ಯಾನ. ಎರಡನೆಯದು ಹುಟ್ಟಿತೆಂದರೆ ಮೂರು ವರ್ಷ ಮನೆಯಿಂದ ಅಲ್ಲಾಡಲು ಆಗುವುದಿಲ್ಲ, ಈಗಲೇ ಎರಡು ದಿನ ಯಾವುದಾದರೂ ಪೇಟೆ ನೋಡಿಕೊಂಡು ಬರೋಣ ಎಂದು ಹಟ ಹಿಡಿದಿದ್ದ. ಭಾನುವಾರ ಹಾರನಹಳ್ಳಿಯಿಂದ ಬಂದಿದ್ದ ಅವನ ತಾಯಿ ರುದ್ರಮ್ಮ ಅದನ್ನು ಕೇಳಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದಳು. "ಇಲ್ಲಿಗೆ ಫಾರಿನ್ನೋರು ಇಮಾನ ಹತ್ಕೊಂಡ್ ಬತ್ತಾರೆ. ನಿಮ್ಗೆ ಮಾತ್ರ ಇಲ್ಲಿ ಕಾಲು ನಿಲ್ಲಂಗಿಲ್ಲ. ಆರು ತಿಂಗ್ಳ ಬಸುರಿಗೆ ಈಗ ಮೈಸೂರ್ ಜೂನಾಗೆ ಜಿರಾಫೆ ನೋಡ್ಬೇಕಾಗೈತಾ?" ಎಂದು ಕೇಳಿ, ಹೊರಡುವಾಗ ಮಾತ್ರ ಸೊಸೆಯ ಕೈಗೆ ಒಂದು ಸ್ವೆಟರ್ ಕೊಟ್ಟು, ಮೈಸೂರಾದರೂ ಚಳಿಯೇ ಎಂದು ಹೇಳಿ ಹೋಗಿದ್ದಳು.

ಇದ್ದದ್ದು ಎರಡು ದಾರಿ. ಲಕ್ಷ್ಮೀಶನ ಜೊತೆ ಪಾಠ ಮಾಡುವ ಇಂದುಧರ ತನ್ನ ಸಂಸಾರಕ್ಕೆಂದು ಮೈಸೂರಿಗೆ ಟಾಟಾ ಸುಮೋ ಗೊತ್ತು ಮಾಡಿದ್ದ. ನೀವೂ ಬನ್ನಿ, ಜಾಗ ಇದೆ ಎಂದಿದ್ದ. ಇನ್ನೊಂದು, ಅರಸೀಕೆರೆಯ ತನಕ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಬೆಂಗಳೂರಿಗೆ ರೈಲು ಹಿಡಿಯುವುದು. ಲತಾಮಣಿ ಬೆಂಗಳೂರು ಎಂದಿದ್ದಳು. ಲಕ್ಷ್ಮೀಶನಿಗೆ ಅದು ಅರ್ಥವೇ ಆಗಿರಲಿಲ್ಲ. ಬೆಂಗಳೂರಿನಲ್ಲಿ ನಮಗೆ ಯಾರಿದ್ದಾರೆ, ಲಾಡ್ಜಿನಲ್ಲಿ ಮಗು ಮಲಗುತ್ತದೆಯೇ, ಈ ಮಳೆಗೆ ಅರಸೀಕೆರೆಗೆ ಹೋಗುವ ಜಾವಗಲ್ಲಿನ ರಸ್ತೆ ಪೂರ್ತಿ ಗುಂಡಿ ಬಿದ್ದಿದೆ, ಆ ಬಸ್ಸಿನಲ್ಲಿ ನಿನ್ನನ್ನು ಕುಲುಕಿಸಿಕೊಂಡು ಹೋಗಲೇ ಎಂದೆಲ್ಲ ಕೇಳಿದ್ದ. ಮೈಸೂರಾದರೆ ಮನೆ ಬಾಗಿಲಿಗೆ ಗಾಡಿ. ಬೇಡವೆನ್ನಲು ಕಾರಣವಾದರೂ ಹೇಳು ಎಂದಿದ್ದ. ರೈಲಿನಲ್ಲಿ ಕಾಲು ಚಾಚಬಹುದು ಎಂದಷ್ಟೇ ಅವಳು ಹೇಳಿದಳು. ಇವತ್ತು ಸಂಜೆಯೊಳಗೆ ಇಂದುಧರನಿಗೆ ಉತ್ತರ ಹೇಳಬೇಕಾಗಿತ್ತು.

ರೈಲಿನಲ್ಲಿ ಕಕ್ಕಸ್ಸು ಇರುತ್ತದೆ. ಕಾರಣ ಇಷ್ಟೇ. ಇಷ್ಟನ್ನು ಗಂಡನಿಗೆ ಹೇಳಬಹುದಾಗಿತ್ತು, ಅವನು ಅಂಥ ಮಾತಿಗೆ ಮುಖ ಸಿಂಡರಿಸುವವನಲ್ಲ. ಆದರೆ ಅಷ್ಟು ಹೇಳಿದರೆ ಅವನು, ಸುಮೋವನ್ನೂ ನಿಲ್ಲಿಸಬಹುದಲ್ಲ, ಹೊಳೆನರಸೀಪುರದಲ್ಲಿ ಇಂದುಧರನ ಹೆಂಡತಿಯ ಸೋದರತ್ತೆಯ ಮನೆಯೇ ಇದೆಯಲ್ಲ ಎನ್ನುತ್ತಿದ್ದ. ಅವಳಿಗೆ ಬೇಡವಾಗಿದ್ದದ್ದೇ ಆ ಮನೆ.

ಹೋದ ವರ್ಷದ ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬರ ಮದುವೆಗೆಂದು ಎರಡೂ ಸಂಸಾರಗಳು ಹೀಗೇ ಒಂದು ಗಾಡಿಯಲ್ಲಿ ಮೈಸೂರಿಗೆ ಹೋಗಿದ್ದವು. ಆಗ ಮೈತ್ರಿ ಕೈಗೂಸು. ಹಾಸನ ದಾಟುವಾಗಲೇ ಲತಾಮಣಿಗೆ ಒತ್ತರಿಸಿಕೊಂಡು ಬಂದಿತ್ತು. ಗಂಡಸರು ತುಂಬಿದ ಗಾಡಿಯನ್ನು ಬಟಾಬಯಲಲ್ಲಿ ನಿಲ್ಲಿಸಿ ಎಂದು ಹೇಳಲಾರದೆ ಹಲ್ಲು ಕಚ್ಚಿ ಕೂತಿದ್ದಳು. ಅದನ್ನು ಅರಿತವಳು ಇಂದುಧರನ ಹೆಂಡತಿ ಸರ್ವಮಂಗಳ. ಅತ್ತೆ ಮನೆ ಮುಂದೆ ಗಾಡಿ ನಿಲ್ಲಿಸಿ ಎಂದು ಅವಳೇ ಹೇಳಿದಳು. ದೊಡ್ಡ ಮನೆ. ಬಚ್ಚಲು ಹಿತ್ತಲಲ್ಲಿ, ನಡುಮನೆ, ದೇವರ ಕೋಣೆಯ ಬಾಗಿಲು, ಅಡುಗೆಮನೆ ಎಲ್ಲ ದಾಟಿ ಹೋಗಬೇಕು. ನಡುಮನೆಯ ಹೊಸಿಲಲ್ಲಿ ಆ ಅತ್ತೆ ನಗುತ್ತಲೇ ಕೇಳಿದ್ದರು: ಇವರು ಯಾರ ಪೈಕಿ?

"ನಮ್ಮವರೇ ಅತ್ತೆ," ಎಂದಳು ಸರ್ವಮಂಗಳ, ಉಸಿರು ಎಳೆದುಕೊಳ್ಳುವಷ್ಟೂ ತಡ ಮಾಡದೆ.

ಲತಾಮಣಿಯ ತವರು ಕಣಕಟ್ಟೆಯಲ್ಲಿ ಊರಾಚೆಯ ಕೇರಿ. ಅಂಥ ಮನೆಗಳಲ್ಲಿ ಅವಳ ಅಪ್ಪ ಸಣ್ಣಯ್ಯ ಇವತ್ತಿಗೂ ಜಗಲಿ ಹತ್ತಿದವನಲ್ಲ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಬಚ್ಚಲು ಬೇಕಿತ್ತು. ಬಾಯಿ ಮುಚ್ಚಿಕೊಂಡು ದೇವರ ಕೋಣೆ ದಾಟಿ ಹೋದಳು. ವಾಪಸು ಬರುವಷ್ಟರಲ್ಲಿ ತಟ್ಟೆಗೆ ಬಿಸಿ ದೋಸೆ ಬಂದಿತ್ತು. ಅತ್ತೆ ಮೈತ್ರಿಯನ್ನು ಎತ್ತಿಕೊಂಡು ಸೆರಗಲ್ಲಿ ಅದರ ಜೊಲ್ಲು ಒರೆಸಿದರು. ತವರು ಯಾವುದು ಎಂದು ಕೇಳಿದಾಗ ಕಣಕಟ್ಟೆ ಎಂಬ ನಿಜ ಬಾಯಿಗೆ ಬಂದುಬಿಟ್ಟಿತು. ಇನ್ನೊಂದು ಪ್ರಶ್ನೆ ಬಂದರೆ ಏನು ಗತಿ ಎಂದು ಅವಳು ಅರ್ಧ ದೋಸೆ ಬಿಟ್ಟು ಕೈ ತೊಳೆಯಲು ಎದ್ದಳು. ಜಗಲಿಯಲ್ಲಿ ಗಾಡಿಯಲ್ಲಿ ಬಂದ ಗಂಡಸರೊಂದಿಗಷ್ಟೇ ಕೂತಿದ್ದ ಲಕ್ಷ್ಮೀಶನಿಗೆ ಇದು ಯಾವುದೂ ಗೊತ್ತಾಗಲಿಲ್ಲ. ಗಾಡಿ ಹತ್ತಿದ ಮೇಲೆ ಸರ್ವಮಂಗಳ ಅವಳ ಕೈ ಅದುಮಿ, ಏನೂ ಆಗಲಿಲ್ಲವಲ್ಲ, ಬಿಡು ಎಂದಳು. ಅದು ಉಪಕಾರವೇ. ಉಪಕಾರವೆಂದು ತಿಳಿದೂ ಲತಾಮಣಿಗೆ ಥ್ಯಾಂಕ್ಸ್ ಹೇಳಲು ನಾಲಗೆ ಏಳಲಿಲ್ಲ.

ಬರುವಾಗಲೂ ಗಾಡಿ ಅಲ್ಲಿ ನಿಂತಿತು. ಮಗು ಮಲಗಿದೆ ಎಂದು ನೆಪ ಹೇಳಿ ಅವಳು ಇಳಿಯಲಿಲ್ಲ. ಅದಕ್ಕೆಂದೇ ಮಧ್ಯಾಹ್ನದಿಂದ ನೀರು ಮುಟ್ಟಿರಲಿಲ್ಲ. ಹಳೇಬೀಡು ಸೇರುವ ತನಕ ತಡೆದುಕೊಂಡಳು. ಆಮೇಲೆ ಉರಿ, ಚಳಿಜ್ವರ, ಹಾಸನದ ಆಸ್ಪತ್ರೆ. ಮೈತ್ರಿಗೆ ಹಾಲು ನಿಂತುಹೋದದ್ದು ಆಗಲೇ.

ಈ ಬಸುರಿನಲ್ಲಿ ನಾಲ್ಕನೆಯ ತಿಂಗಳಲ್ಲೇ ಮತ್ತೆ ಅದೇ ಉರಿ ಕಾಣಿಸಿಕೊಂಡಿತ್ತು. ಹಾಸನದ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು. ಓಡಾಡಮ್ಮ, ಬೇಡ ಅನ್ನಲ್ಲ. ಕುಲುಕಾಟ ಬೇಡ, ನೀರು ಕುಡಿತಾ ಇರು, ಬಂದಾಗ ತಡೀಬೇಡ. ಸೋಂಕು ಮೇಲೇರಿದರೆ ದಿನ ತುಂಬುವ ಮೊದಲೇ ನೋವು ಶುರುವಾಗುತ್ತೆ, ಆರು ತಿಂಗಳ ಮಗುವನ್ನ ನಾವೂ ಉಳಿಸೋಕಾಗಲ್ಲ. ಆ ಮಾತು ಕೇಳಿದಾಗಿನಿಂದ ಲತಾಮಣಿ ಎಲ್ಲಿಗೆ ಹೊರಟರೂ ಮೊದಲು ಮನಸ್ಸಿನಲ್ಲೇ ದಾರಿಯುದ್ದಕ್ಕೂ ಬಚ್ಚಲು ಹುಡುಕುತ್ತಿದ್ದಳು. ಸಂತೆಗೆ ಹೋದರೂ ಅಷ್ಟೆ, ಬೇಲೂರಿಗೆ ಹೋದರೂ ಅಷ್ಟೆ.

ಅಂಥ ಹುಡುಕಾಟದ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೇವಸ್ಥಾನದ ರಸ್ತೆಗೇ ಅವರ ಬಾಡಿಗೆ ಮನೆ. ಟೂರಿಸ್ಟ್ ಬಸ್ಸುಗಳು ನಿಂತಾಗ ಶಿಲ್ಪದ ಕಡೆ ತಿರುಗದೆ ಅತ್ತಿತ್ತ ಕಣ್ಣಾಡಿಸುವ ಒಬ್ಬಿಬ್ಬರು ಹೆಂಗಸರು ಇದ್ದೇ ಇರುತ್ತಾರೆ. ಅವರು ಬಾಗಿಲಿಗೆ ಬಂದು ಬಾಯಿ ತೆರೆಯುವ ಮೊದಲೇ ಲತಾಮಣಿ ಹಿಂದಿನ ಬಾಗಿಲು ತೋರಿಸಿ ಬಕೆಟ್ಟಿಗೆ ನೀರು ತುಂಬುತ್ತಿದ್ದಳು.

ಹಿಟ್ಟು ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಸರ್ವಮಂಗಳ ಬಂದಳು. ಯಾವಾಗಲೂ ರಸ್ತೆಯಿಂದಲೇ ಕೂಗುತ್ತ ಬರುವವಳು ಇವತ್ತು ಸದ್ದಿಲ್ಲದೆ ಒಳಗೆ ಬಂದು, ಮೈತ್ರಿಯ ಹಣೆ ನೋಡಿ, "ಏನೇ ಇದು, ಸ್ವಾಮಿಗಳಾಗ್ಬಿಟ್ಟಿದೀಯ," ಎಂದು ನಕ್ಕು, ಗೋಡೆಗೊರಗಿ ಕೂತಳು. ಲತಾಮಣಿ ಕಾಫಿಗೆ ಏಳಹೋದರೆ ತಡೆದಳು. ಮಕ್ಕಳ ವಿಷಯ, ತೆಂಗಿನಕಾಯಿ ರೇಟಿನ ವಿಷಯ ಸ್ವಲ್ಪ ಹೊತ್ತು ಆಡಿದಳು.

ಆಮೇಲೆ ಹೇಳಿದಳು. "ಟ್ರೈನಲ್ಲೇ ಹೋಗ್ಬಿಡಿ ಕಣೇ ಲತಾ. ನಿಂಗೆ ಅದೇ ಆರಾಮ."

ಬೆಳಗಿನಿಂದ ಗಂಡನನ್ನು ಹೇಗೆ ಒಪ್ಪಿಸಲಿ ಎಂದು ಕುದಿಯುತ್ತಿದ್ದ ಮಾತು ಇನ್ನೊಬ್ಬರ ಬಾಯಲ್ಲಿ ಬಂದಿತ್ತು. ಲತಾಮಣಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾಕೆ ಎಂದು ಕೇಳಿದಳು.

ಸರ್ವಮಂಗಳ ಸೆರಗಿನ ತುದಿ ಸುತ್ತುತ್ತ ಒಂದೊಂದಾಗಿ ಬಿಡಿಸಿ ಹೇಳಿದಳು. ಅತ್ತೆಗೆ ಫೋನಿನಲ್ಲಿ ಇವರು ಬರುವುದು ತಿಳಿಸಿದ್ದಳಂತೆ. ಆ ಹುಡುಗಿ ಮತ್ತೆ ಬಸುರಿಯಾ, ಕರ್ಕೊಂಡು ಬಾ, ಮಡಿಲು ತುಂಬಿ ಕಳಿಸ್ತೀನಿ, ನಮ್ಮ ಮನೆ ಮಗಳ ಹಾಗೇ ಅಂದರಂತೆ. ಅಕ್ಕಿ, ಕೊಬ್ಬರಿ, ಬೆಲ್ಲ, ಹಸಿರು ರವಿಕೆ ಕಣ ಎಲ್ಲ ತೆಗೆದಿಟ್ಟಿದ್ದಾರಂತೆ. ಅದಾದರೂ ಹೇಗೋ ಆಗುತ್ತಿತ್ತು. ಆದರೆ ಅತ್ತೆ ಈಗ ಕಣಕಟ್ಟೆಯಿಂದಲೇ ಸೊಸೆ ತಂದಿದ್ದಾರೆ.

"ಯಾರ ಮಗಳು?"

"ಸಿದ್ದಬಸಪ್ಪ ಅಂತೆ. ಗೊತ್ತಾ ನಿಂಗೆ?"

ಗೊತ್ತಿತ್ತು. ಸಿದ್ದಬಸಪ್ಪನವರ ತೆಂಗಿನ ತೋಟಕ್ಕೆ ಅಪ್ಪ ಕೂಲಿಗೆ ಹೋಗುತ್ತಿದ್ದ. ಅವರ ಮಗಳು ಹೈಸ್ಕೂಲಿನಲ್ಲಿ ಇವಳಿಗಿಂತ ಎರಡು ಬೆಂಚು ಮುಂದೆ ಕೂರುತ್ತಿದ್ದಳು. ನೋಡಿದ ಕೂಡಲೇ ಗುರುತು ಹಿಡಿಯುತ್ತಾಳೆ. ಲತಾಮಣಿ ಗೊತ್ತು ಎಂದು ತಲೆಯಾಡಿಸಿದಳು.

ಸರ್ವಮಂಗಳಳ ಮುಖ ಇಳಿಯಿತು. ನಾನು ಆವತ್ತು ನಿನ್ನ ಒಳ್ಳೆಯದಕ್ಕೇ ಹೇಳಿದ್ದು, ನಮ್ಮ ಮನೆಯವರಿಗೂ ಗೊತ್ತಿಲ್ಲ, ಅತ್ತೆ ಕೆಟ್ಟವರಲ್ಲ, ಆದರೆ ನಾನು ಸುಳ್ಳು ಹೇಳಿ ದೇವರ ಕೋಣೆ ಮುಂದೆ ಹಾಯಿಸಿದೆ ಅಂತ ಗೊತ್ತಾದರೆ ಆ ಮನೆ ಮೆಟ್ಟಿಲು ನಾನು ಹತ್ತೋ ಹಾಗಿಲ್ಲ ಎಂದಳು. ಕೊನೆಗೆ, ಲಕ್ಷ್ಮೀಶಣ್ಣ ಮೈಸೂರೇ ಅಂತ ಹಟ ಮಾಡಿದರೆ ಇನ್ನೊಂದು ಉಪಾಯವಿದೆ ಎಂದು ದನಿ ತಗ್ಗಿಸಿದಳು.

"ನೀನು ಗಾಡಿಯಲ್ಲೇ ಕೂತಿರು. ಸುಸ್ತಾಗಿ ಮಲಗಿದಾಳೆ ಅಂತೀನಿ. ಕಾಫಿ ನಾನೇ ತಂದುಕೊಡ್ತೀನಿ."

"ಮಂಗಳಕ್ಕ, ನಂಗೆ ಕಾಫಿ ಬೇಡ. ಬಚ್ಚಲು ಬೇಕು."

ಸರ್ವಮಂಗಳಳ ಕಣ್ಣಲ್ಲಿ ನೀರು ಬಂದಿತ್ತು. ಡಾಕ್ಟರಮ್ಮನ ಮಾತು ಅವಳಿಗೂ ಗೊತ್ತು. ಹೋದ ವರ್ಷ ಆಸ್ಪತ್ರೆಗೆ ಗಂಜಿ ತಂದುಕೊಟ್ಟವಳೇ ಅವಳು. ಅದಕ್ಕೇ ಹೇಳ್ತಿದೀನಿ, ಟ್ರೈನು ಎಂದು ಮತ್ತೆ ಮೆಲ್ಲಗೆ ಅಂದು, ಮೈತ್ರಿಯ ಕೆನ್ನೆ ಸವರಿ ಎದ್ದು ಹೋದಳು.

ಲತಾಮಣಿ ಬಟ್ಟೆ ಬಿಚ್ಚಿ ತೌಡನ್ನು ಹಿತ್ತಲಿಗೆ ಕೊಡವಿದಳು. ಇಷ್ಟು ದಿನ ಆ ಮನೆಯ ಭಯ ತನ್ನದೊಬ್ಬಳದೇ ಎಂದುಕೊಂಡಿದ್ದಳು. ಸಿಕ್ಕಿಬೀಳುವವಳು, ಎದೆ ಹೊಡೆದುಕೊಳ್ಳುವವಳು, ನೀರು ಕುಡಿಯುವುದನ್ನು ಬಿಡುವವಳು ತಾನು. ಅದಕ್ಕೇ ರೈಲು ಬೇಕೆನಿಸಿತ್ತು. ರೈಲಿನಲ್ಲಿ, ಬೆಂಗಳೂರಿನ ಲಾಡ್ಜಿನಲ್ಲಿ ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ತಾನಾಗಿ ಆರಿಸಿಕೊಂಡಾಗ ಅದು ಒಂದು ಊರಿಗೆ ಹೋಗುವ ದಾರಿಯಾಗಿತ್ತು. ಈಗ ಸರ್ವಮಂಗಳ ಕೇಳಿಕೊಂಡ ಮೇಲೆ, ಆ ಮನೆಯ ಕಡೆ ಬರಬೇಡ ಎಂಬ ಮಾತಷ್ಟೇ ಅದರಲ್ಲಿ ಉಳಿದಿತ್ತು.

ಗಂಡನಿಗೆ ಹೇಳಿಬಿಡಲೇ ಎಂದು ಯೋಚಿಸಿದಳು. ಗೋಡೆಯ ಮೇಲೆ ಬುದ್ಧನ ಪಟ ಹಾಕಿಕೊಂಡು, ಹೊಸಬರು ಸಿಕ್ಕರೆ ತನ್ನ ಜಾತಿ ಯಾವುದು, ಕೇರಿ ಎಲ್ಲಿ ಎಂದು ತಾನೇ ಮೊದಲು ಹೇಳುವ ಮನುಷ್ಯ. ಇದು ತಿಳಿದರೆ ಈಗಲೇ ಚಪ್ಪಲಿ ಮೆಟ್ಟಿಕೊಂಡು ಇಂದುಧರನ ಮನೆಗೆ ಹೋಗುತ್ತಾನೆ. ಊರಲ್ಲಿ ಅವರಿಗೆಂದು ಇರುವ ಸ್ನೇಹ ಅದೊಂದೇ. ಮಾತು ಗಂಡಸರ ಜಗಳವಾಗಿ, ಅದರೊಳಗೆ ತಾನು ಎಲ್ಲಿಯೂ ಇರುವುದಿಲ್ಲ. ಆ ಹೊಸಿಲಲ್ಲಿ ಪ್ರಶ್ನೆ ಕೇಳಿದ್ದು ತನ್ನನ್ನು ಕುರಿತು.

ಹೊಟ್ಟೆಯೊಳಗೆ ಮಗು ಹೊರಳಿತು. ಕೂಡಲೇ ಹಳೆಯ ಭಯ ಎದ್ದು, ಇದೆಲ್ಲ ಈಗ ಯಾಕೆ, ಮೊದಲು ಇದು ಹುಟ್ಟಲಿ ಎನಿಸಿತು. ಬೆಂಗಳೂರು, ಇಲ್ಲವೇ ಸುಮ್ಮನೆ ಮನೆಯಲ್ಲೇ ಇರುವುದು. ಒಲೆ ಹಚ್ಚಿ ಅನ್ನಕ್ಕೆ ಎಸರಿಟ್ಟಳು. ಮೈತ್ರಿಯ ಹಣೆ ತೊಳೆದಳು. ಎರಡು ಸಲ ಬಚ್ಚಲಿಗೆ ಹೋಗಿ ಬಂದಳು.

ಲಕ್ಷ್ಮೀಶ ಸೈಕಲ್ಲು ನಿಲ್ಲಿಸಿ ಒಳಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವನು ಸೋತ ದನಿಯಲ್ಲಿ, ಆಗಲಿ, ನಿನ್ನ ಇಷ್ಟದಂತೆಯೇ ಬೆಂಗಳೂರಿಗೆ ಹೋಗೋಣ, ಜಾವಗಲ್ಲಿನ ಮೇಲೆ ಹೋಗುವ ಬಸ್ಸಲ್ಲಿ ಮುಂದಿನ ಸೀಟು ಹಿಡಿಸುತ್ತೇನೆ, ಇಂದುಧರನಿಗೆ ಬರುವುದಿಲ್ಲ ಅಂತ ಹೇಳಿ ಬರುತ್ತೇನೆ ಎಂದ. ಬರುವುದಿಲ್ಲ ಎಂಬುದು ಗಂಡನ ಬಾಯಲ್ಲೂ ಲತಾಮಣಿಗೆ ಸರ್ವಮಂಗಳಳ ಮಾತಿನಂತೆಯೇ ಕೇಳಿಸಿತು.

"ಬೇಡ," ಎಂದಳು ಲತಾಮಣಿ. "ಮೈಸೂರಿಗೇ ಹೋಗೋಣ ರೀ. ಬರ್ತೀವಿ ಅಂತ ಹೇಳಿ."

ಅವನು ಅವಳ ಮುಖ ನೋಡಿದ. ಬೆಳಿಗ್ಗೆ ಅಷ್ಟು ಹಟ ಮಾಡಿದವಳು ಎಂದು ಗೊಣಗಿದ. ಗೊಣಗಿದರೂ ಖುಷಿಯಾಗಿದ್ದ. ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಜಿರಾಫೆಯ ಕತ್ತು ಇಷ್ಟುದ್ದ ಇರುತ್ತೆ ಎಂದು ಮೇಲೆ ಕೈ ತೋರಿಸಿದ.

ಲತಾಮಣಿ ಅನ್ನ ಬಸಿಯುತ್ತ ಲೆಕ್ಕ ಹಾಕಿದಳು. ಹೊರಡುವ ದಿನ ಬೆಳಿಗ್ಗೆಯಿಂದಲೇ ನೀರು ಕುಡಿಯುವುದು, ದಾರಿಯಲ್ಲೂ ಕುಡಿಯುವುದು. ಆ ಮನೆ ಮುಂದೆ ಗಾಡಿ ನಿಂತಾಗ ಮೊದಲು ಇಳಿಯುವುದು ತಾನೇ. ಹೊಸಿಲಲ್ಲಿ ಏನೂ ಹೇಳುವುದಿಲ್ಲ. ಅಲ್ಲೇ ಅವರು ತಡೆದು ನಿಲ್ಲಿಸಿದರೆ ಹೊಟ್ಟೆಯ ಮಗುವಿಗೆ ಅಪಾಯ. ಮೊದಲು ಬಚ್ಚಲಿಗೆ ಹೋಗಿ ಬರುವುದು. ಆಮೇಲೆ, ಅತ್ತೆ ಮಡಿಲಕ್ಕಿಯ ಮೊರ ಎತ್ತುವ ಮುಂಚೆ, ಸಿದ್ದಬಸಪ್ಪನವರ ಮಗಳು ಬಾಯಿ ಬಿಡುವ ಮುಂಚೆ, ಸರ್ವಮಂಗಳ ಇನ್ನೊಂದು ಸುಳ್ಳು ಹುಡುಕುವ ಮುಂಚೆ ಹೇಳುವುದು. ನಾನು ಕಣಕಟ್ಟೆಯ ಸಣ್ಣಯ್ಯನ ಮಗಳು, ಊರಾಚೆಯ ಕೇರಿಯವಳು, ಆವತ್ತು ಸುಮ್ಮನಿದ್ದೆ. ಅತ್ತೆ ಆಮೇಲೂ ಮೊರ ಹಿಡಿದು ನಿಂತರೆ ಸೆರಗು ಒಡ್ಡುವುದು. ಕೆಳಗಿಟ್ಟರೆ ಮೈತ್ರಿಯನ್ನು ಎತ್ತಿಕೊಂಡು ಬಂದು ಗಾಡಿಯಲ್ಲಿ ಕೂರುವುದು. ಸರ್ವಮಂಗಳ ಮಾತು ಬಿಟ್ಟರೆ ಬಿಡಲಿ ಎಂದುಕೊಳ್ಳುವಾಗ ಮಾತ್ರ ಅವಳು ಆಸ್ಪತ್ರೆಗೆ ತಂದ ಗಂಜಿ ನೆನಪಾಯಿತು. ಆದರೂ ಅದನ್ನೂ ಲೆಕ್ಕಕ್ಕೆ ಸೇರಿಸಿದಳು. ಹೇಗಿದ್ದರೂ ಮೈಸೂರು ಮುಟ್ಟುವ ತನಕ ಮತ್ತೆ ಬಚ್ಚಲಿನ ಅವಸರವಿರುವುದಿಲ್ಲ.

"ಏನ್ ಯೋಚ್ನೆ?" ಎಂದ ಲಕ್ಷ್ಮೀಶ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ.

"ಏನಿಲ್ಲ. ಮೈತ್ರಿಗೆ ಎಷ್ಟು ಜೊತೆ ಬಟ್ಟೆ ಇಟ್ಕೊಳ್ಳೋದು ಅಂತ."