ಓಪಲ್ ಬದಲಾಯಿಸಿದ ಪಾಲಿಸಿ

ಕುಡಿದು ಗಾಡಿ ಓಡಿಸಿ ಎರಡು ಸಲ ಸಿಕ್ಕಿಬಿದ್ದವನಿಗೆ ಇನ್ಶೂರೆನ್ಸ್ ಕೊಡುವವರೇ ಕಡಿಮೆ. ಕೊಟ್ಟವರೂ ಭಿಕ್ಷೆ ಹಾಕಿದ ಹಾಗೆ ಮುಖ ಮಾಡುತ್ತಾರೆ. ವರ್ಲಿನ್‌ಗೆ ಆ ಭಿಕ್ಷೆಯೂ ಸಿಕ್ಕಿದ್ದು ತಾಯಿ ಓಪಲ್‌ಳ ಹೆಸರಿನಲ್ಲಿ. ಕಾರು ಅವಳದು, ಪಾಲಿಸಿ ಅವಳದು, ಓಡಿಸುವವನು ಮಾತ್ರ ನಲವತ್ತೊಂದು ವರ್ಷದ ಮಗ. ಜೊತೆಗೊಂದು ಕಾಗದವಿತ್ತು. ಈ ಮನುಷ್ಯನಿಗೆ ಇನ್ಶೂರೆನ್ಸ್ ಇದೆ ಎಂದು ಕಂಪನಿಯೇ ಸರ್ಕಾರಕ್ಕೆ ಬರೆದುಕೊಟ್ಟ ಜಾಮೀನು. ಮೂರು ವರ್ಷ ಅದು ಒಂದು ದಿನವೂ ತಪ್ಪುವಂತಿಲ್ಲ. ತಪ್ಪಿದರೆ ಲೈಸೆನ್ಸ್ ಹೋಯಿತು ಅಂತಲೇ ಲೆಕ್ಕ.

ಅವನು ಬಾಟಲಿ ಮುಟ್ಟದೆ ಎರಡು ವರ್ಷ ದಾಟಿತ್ತು. ಎಲ್ಲ ಟೆಸ್ಸಾಗಾಗಿ. ಹತ್ತು ವರ್ಷದ ಮಗಳು ಓಹಿಯೋ ನದಿಯಾಚೆ, ಅವನಿಂದ ಬೇರೆಯಾದ ತನ್ನ ತಾಯಿಯ ಜೊತೆ ಇದ್ದಳು. ತಿಂಗಳಿಗೆರಡು ಶನಿವಾರ ಅವಳನ್ನು ಅಜ್ಜಿಮನೆಗೆ ಕರೆತರಲು ಕೋರ್ಟು ಬಿಟ್ಟಿತ್ತು. ಇನ್ನೊಂದು ಸಲ ಪೊಲೀಸರ ಕೈಗೆ ಸಿಕ್ಕರೆ ಅದಕ್ಕೂ ಕಲ್ಲು ಬಿತ್ತು ಎಂದು ತಿಳಿ ಅಂತ ನ್ಯಾಯಾಧೀಶೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಬಸ್ಸಿನ ಮುಖ ಕಾಣದ ಊರು. ಕಾರಿಲ್ಲದಿದ್ದರೆ ಮಗಳೂ ಇಲ್ಲ.

ಆ ಶನಿವಾರ ಬೆಳಿಗ್ಗೆ ಟೆಸ್ಸಾಳನ್ನು ಕರೆತರಲು ಹೊರಟವನನ್ನು ಸೇತುವೆಯ ಈಚೆಗೇ ಪೊಲೀಸ್ ಗಾಡಿ ನಿಲ್ಲಿಸಿತು. ಹಿಂದಿನ ದೀಪ ಒಂದು ಉರಿಯುತ್ತಿರಲಿಲ್ಲ, ಅಷ್ಟೇ. ಇಳಿದು ಬಂದವನು ಹಾಲಿಸ್, ಶಾಲೆಯಲ್ಲಿ ಜೊತೆಗೆ ಓದಿದವನು. ಲೈಸೆನ್ಸ್ ತೆಗೆದುಕೊಂಡು ಹೋದವನು ತಿರುಗಿ ಬರುವಾಗ ಮುಖ ಗಂಟಿಕ್ಕಿತ್ತು.

"ಏನಪ್ಪಾ ವರ್ಲಿನ್, ನಿನ್ ಲೈಸೆನ್ಸ್ ಸಸ್ಪೆಂಡ್ ಆಗಿದೆಯಲ್ಲೋ. ಇನ್ಶೂರೆನ್ಸ್ ಕ್ಯಾನ್ಸಲ್ ಆಯ್ತು ಅಂತ ಕಂಪನಿಯವರೇ ಸರ್ಕಾರಕ್ಕೆ ತಿಳಿಸಿದಾರೆ. ಪತ್ರ ಬರಲಿಲ್ವಾ?"

ಪತ್ರ ಹೋಗಿದ್ದು ಅವನು ಎಂದೋ ಬಿಟ್ಟಿದ್ದ ಬಾಡಿಗೆ ಮನೆಗೆ. ಅಮ್ಮನ ಮನೆಗೆ ಬಂದಮೇಲೂ ವಿಳಾಸ ಬದಲಾಯಿಸುವುದಕ್ಕೆ ಸೋಮಾರಿತನ ಮಾಡಿದ್ದ.

"ಕ್ಯಾನ್ಸಲ್ಲಾ? ಯಾರಯ್ಯಾ ಮಾಡಿದ್ದು? ಅಮ್ಮ ಒಂದು ತಿಂಗಳೂ ಕಂತು ತಪ್ಪಿಸಿಲ್ಲ ಕಣೋ!"

"ಅದು ನಂಗೊತ್ತಿಲ್ಲ. ಕುಡಿದಿಲ್ಲ ನೀನು, ಅದು ಕಾಣ್ತಾ ಇದೆ. ಆದ್ರೆ ನಿನ್ನ ಹಳೇ ಕೇಸುಗಳಿದಾವಲ್ಲ ಮಾರಾಯ, ಬಿಟ್ಟು ಕಳಿಸೋಕೆ ಆಗಲ್ಲ. ಕೈ ಹಿಂದೆ ಮಾಡು."

ಜೈಲಿನಲ್ಲಿ ಒಂದು ಫೋನು ಮಾಡಲು ಬಿಟ್ಟರು. ವರ್ಲಿನ್ ಬಾಯಿ ತೆರೆಯುವ ಮೊದಲೇ ಓಪಲ್ ಶುರು ಮಾಡಿದಳು.

"ಜೈಲಿಂದ ಫೋನು ಅಂತ ಮಿಷನ್ ದನಿ ಹೇಳ್ತು, ನಿಜವೇನೋ? ಯಾಕೋ ಹಿಡಿದ್ರು? ಇನ್ಶೂರೆನ್ಸ್ ಕಾರ್ಡು ತೋರಿಸು ಅವರಿಗೆ! ಹೊಸದು ಡ್ಯಾಶ್‌ಬೋರ್ಡ್ ಒಳಗೇ ಇಟ್ಟಿದೀನಿ."

"ಹೊಸದಾ?"

"ನಿನ್ನ ಹುಟ್ಟುಹಬ್ಬಕ್ಕೆ ಹೇಳೋಣ ಅಂತಿದ್ದೆ. ಆ ಸುಲಿಗೆಕೋರರನ್ನ ಬಿಟ್ಟು ಬೇರೆ ಕಂಪನಿಗೆ ಹೋದೆ ಕಣೋ, ಮೂರು ವಾರ ಆಯ್ತು. ಫೋನಲ್ಲೇ ಎಲ್ಲಾ ಮುಗಿಸಿದೆ. ಉಳಿದ ದುಡ್ಡಲ್ಲಿ ಟೆಸ್ಸಾಗೆ ಸೈಕಲ್ ಬರುತ್ತೆ."

"ಸರ್ಕಾರಕ್ಕೆ ಕೊಟ್ಟ ಆ ಜಾಮೀನು ಕಾಗದ?"

"ಅದು ನಿನ್ನ ಹೆಸರಲ್ಲೇ ಇದೆಯಲ್ಲೋ. ಕಂಪನಿ ಬದಲಾದ್ರೆ ಅದೆಲ್ಲಿಗೆ ಹೋಗುತ್ತೆ?"

ವರ್ಲಿನ್ ಗೋಡೆಗೆ ಒರಗಿದ. ಕಾಗದ ಹಳೇ ಕಂಪನಿಯದು. ಅದು ಪಾಲಿಸಿಯ ಜೊತೆಗೇ ಸತ್ತಿತ್ತು. ಹೊಸಬರಿಂದ ಇನ್ನೊಂದು ಬರೆಸಬೇಕಿತ್ತು, ಎಪ್ಪತ್ತಮೂರರ ಹೆಂಗಸಿಗೆ ಅದನ್ನು ಹೇಳುವವರು ಯಾರು? ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಕಿರುಚಬೇಕೆನಿಸಿತು.

ಓಪಲ್‌ಳ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಯಾಕೋ ಸುಮ್ನಾದೆ? ನಾನೇನಾದ್ರೂ ಎಡವಟ್ಟು ಮಾಡಿದ್ನೇನೋ?"

"ಇಲ್ಲಮ್ಮ," ಅಂದ ವರ್ಲಿನ್. "ಕುಡಿದಿದ್ದೆ."

ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಮ್ಮ ಒಂದು ಸಲ ಅನುಮಾನಪಡಲಿ, ಬೆಳಿಗ್ಗೆ ಕಾಫಿ ಕೊಟ್ಟಾಗ ಸರಿಯಾಗೇ ಇದ್ದೆಯಲ್ಲೋ ಎಂದು ಕೇಳಲಿ ಎಂದು ಅವನ ಜೀವ ಒದ್ದಾಡಿತು.

"ಗೊತ್ತಿತ್ತು," ಅಂದಳು ಓಪಲ್. "ನೀನು ಉದ್ಧಾರ ಆಗಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ಆ ಮಗು ಆಗ್ಲೇ ಎರಡು ಸಲ ಫೋನ್ ಮಾಡಿದಾಳೆ, ಬ್ಯಾಗ್ ಹಾಕ್ಕೊಂಡು ಬಾಗಿಲಲ್ಲಿ ನಿಂತಿದಾಳಂತೆ. ಏನ್ ಹೇಳ್ಲಿ ಅವಳಿಗೆ?"

ವರ್ಲಿನ್ ಕಣ್ಣು ಮುಚ್ಚಿದ. ಹಿಂದೆ ನಿಂತ ಕಾವಲಿನವನು ಟೈಮ್ ಆಯ್ತು ಎಂದ.

"ಕುಡಿದಿದ್ದ ಅಂತಲೇ ಹೇಳು."

"ಹೇಳ್ತೀನಿ," ಎಂದು ಓಪಲ್ ಫೋನಿಟ್ಟಳು.