ಅಮಾಲ್ಫಿ ದಾರಿಯಲ್ಲಿ ಬಂದ ಫೋನು

“ಅತ್ತಿಗೆ, ಅಪ್ಪ ಹೋದ್ರು,” ಎಂದ ನರಹರಿ, ಮೈಸೂರಿನ ಆಸ್ಪತ್ರೆಯಿಂದ. “ಬಾಡಿ ಕೊಡಲ್ವಂತೆ, ಕೋವಿಡ್ ಅಲ್ವಾ. ಈಗ ವಿಡಿಯೋದಲ್ಲಿ ಮುಖ ತೋರಿಸ್ತಾರೆ, ಆಮೇಲಿಲ್ಲ. ಅಣ್ಣಂಗೆ ಕೊಡಿ.”

ಮೈಥಿಲಿಯ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಪಕ್ಕದಲ್ಲಿ ಗಂಡ ಕೇಶವ ಬಾಡಿಗೆ ಕಾರನ್ನು ಇಟಲಿಯ ಕಡಲಂಚಿನ ತಿರುವುಗಳಲ್ಲಿ ಉಸಿರು ಬಿಗಿಹಿಡಿದು ಓಡಿಸುತ್ತಿದ್ದ. ಅತ್ತ ದರಿ, ಇತ್ತ ಪುಲಿ ಎಂದವನು ಈ ರಸ್ತೆ ಕಂಡೇ ಅಂದಿರಬೇಕು: ಬಲಕ್ಕೆ ಪ್ರಪಾತ, ಎದುರಿಗೆ ಮೈಯುಜ್ಜುವ ಬಸ್ಸು. ನಿಲ್ಲಿಸಲು ಗೇಣು ಜಾಗವಿಲ್ಲ.

“ಈಗ ಬೇಡ. ಸಂಜೆ ನಾನೇ ಮಾಡ್ತೀನಿ,” ಎಂದು ಮೈಥಿಲಿ ಫೋನಿಟ್ಟಳು.

“ಯಾರು?” ಎಂದ ಕೇಶವ, ರಸ್ತೆಯಿಂದ ಕಣ್ಣು ತೆಗೆಯದೆ.

“ಆಫೀಸು.”

ಮಾವ ಚೇತರಿಸಿಕೊಂಡಿದ್ದರು, ಆಕ್ಸಿಜನ್ ಕೂಡ ತೆಗೆದಿದ್ದರು. ವರ್ಷವಿಡೀ ಮನೆಯೊಳಗೇ ಕೊಳೆತಿದ್ದೀರಿ, ಹೋಗಿಬನ್ನಿ ಎಂದವರೂ ಅವರೇ.

ಮುಂದಿನ ಊರಲ್ಲಿ ಕಾರು ನಿಂತಾಗಲೂ ಅವಳು ಬಾಯಿಬಿಡಲಿಲ್ಲ. ಅವನು ಅಳುತ್ತ ಅದೇ ರಸ್ತೆಯಲ್ಲಿ ಮರಳಬೇಕಲ್ಲ ಎಂಬ ಭಯ. ಮನೆ ಸೇರುವವರೆಗೆ ಯಾರೂ ಹೇಳಬೇಡಿ ಎಂದು ನರಹರಿಗೆ ಮೆಸೇಜು ಹಾಕಿದಳಷ್ಟೆ. ಸುದ್ದಿ ಕೇಳಿದ ಕೂಡಲೇ ತಲೆಗೆ ನೀರು ಹಾಕಿಕೊಳ್ಳಬೇಕಾದ ಸೊಸೆ, ಗಂಡ ಕೊಡಿಸಿದ ಐಸ್‌ಕ್ರೀಮ್ ತಿಂದಳು, ಅವನು ನಿಲ್ಲು ಎಂದಲ್ಲೆಲ್ಲ ನಿಂತು ನಕ್ಕಳು. ಒಂದೊಂದು ಫೋಟೋವನ್ನೂ ಅವನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ.

“ಈಗ್ಯಾಕೆ? ಮನೆಗೆ ಹೋಗಿ ಹಾಕಿದ್ರಾಯ್ತು,” ಎಂದಳು.

“ಇರ್ಲಿ ಬಿಡೇ. ಅಪ್ಪ ಮಲಗಿದ್ದಲ್ಲೇ ನೋಡ್ಲಿ.”

ವಿಮಾನದಲ್ಲೂ ಧೈರ್ಯ ಬರಲಿಲ್ಲ. ಅದೇ ರಾತ್ರಿ ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ನ ತಮ್ಮ ಮನೆ ಸೇರಿದಾಗ ಹೊರಗೆ ಇನ್ನೂ ಬೇಸಿಗೆಯ ಬೆಳಕಿತ್ತು. ಅವನು ಶೂ ಬಿಚ್ಚುವಾಗ ಹೇಳಿದಳು.

ಕೇಶವ ಬಿಚ್ಚಿದ ಶೂವನ್ನು ಮತ್ತೆ ಹಾಕಿಕೊಳ್ಳತೊಡಗಿ, ನಿಲ್ಲಿಸಿದ.

“ಮುಖ ತೋರಿಸ್ಲಿಲ್ವಂತಾ?”

ಸುಳ್ಳು ಹೇಳಬಹುದಿತ್ತು. “ತೋರಿಸ್ತೀನಿ ಅಂದ್ರು. ನಾನೇ ಬೇಡ ಅಂದೆ. ನೀವು ಡ್ರೈವ್ ಮಾಡ್ತಿದ್ರಿ.”

ಅವನು ಗ್ರೂಪು ತೆರೆದ. ಎಲ್ಲರೂ ನೋಡಿದ್ದರು, ಒಬ್ಬರೂ ಉತ್ತರಿಸಿರಲಿಲ್ಲ. ಬೆರಳಿನಿಂದ ಫೋಟೋಗಳನ್ನು ಸರಿಸುತ್ತ ಹೋದ.

“ಗೊತ್ತಿತ್ತು ನಿಂಗೆ. ಎಲ್ಲಾದ್ರಲ್ಲೂ ನಗ್ತಿದ್ದೀಯ.”

ಅಷ್ಟು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನೀರು ಸುರಿಯತೊಡಗಿತು. ಟವೆಲ್ ಹಿಡಿದು ಬಾಗಿಲ ಹೊರಗೆ ನಿಂತ ಮೈಥಿಲಿಗೆ ಅಳುವ ಹಕ್ಕೂ ತನಗಿಲ್ಲವೆನಿಸಿತು. ಆಗ ಫೋನು ಬಂತು, ಅತ್ತೆಯದು. ಅವರ ದನಿ ಅತ್ತು ಅತ್ತು ಒಡೆದಿತ್ತು.

“ಫೋಟೋದಲ್ಲಿ ಆ ದಾರಿ ನೋಡಿ ಜೀವ ಬಾಯಿಗೆ ಬಂದಿತ್ತು ಕಣೇ. ಎಲ್ಲಿ ಇವನೂ... ಮಗು ಮನೆ ಸೇರ್ತಾ?”

“ಸೇರಿದ್ರು ಅಮ್ಮ. ಇಲ್ಲೇ ಇದ್ದಾರೆ.”

ಒಳಗೆ ನೀರಿನ ಸದ್ದು ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ.